ಮೊರ್ಟೀಸ್: ಮೂಗು ಒಂದೇ, ಮ್ಯೂಸಿಕ್ ಮಾತ್ರ ನಾಲ್ಕು ಥರ

ಮೊರ್ಟೀಸ್ ಅಂತ ಹಾಕಿ ಯೂಟ್ಯೂಬಲ್ಲಿ ಹುಡುಕಿದ್ರೆ ಏನು ಕೇಳ್ಸುತ್ತೆ ಅನ್ನೋದು ನೀವು ಮೊದಲು ಯಾವುದನ್ನ ಒತ್ತುತ್ತೀರ ಅನ್ನೋದ್ರ ಮೇಲೆ ಹೋಗುತ್ತೆ. 1994ರ ಆಲ್ಬಮ್ ಒತ್ತಿದ್ರೆ ಒಂದೊಂದು ಟ್ರ್ಯಾಕೂ ಅರ್ಧ ಗಂಟೆ ಹತ್ರ, ಹಾಡೋರಿಲ್ಲ, ಗಿಟಾರಿಲ್ಲ, ಯಾವ್ದೋ ಪಾಳುಬಿದ್ದ ಕೋಟೆ ಒಳಗೆ ಕೀಬೋರ್ಡ್ ಇಟ್ಕೊಂಡು ಕೂತ ಹಾಗೆ ಅದೇ ರಾಗ ಮತ್ತೆ ಮತ್ತೆ ಬರ್ತಾ ಇರುತ್ತೆ. 2004ರದ್ದು ಒತ್ತಿದ್ರೆ ಡಿಸ್ಟಾರ್ಷನ್ ಗಿಟಾರು, ಮಷೀನ್ ಡ್ರಮ್ಸು, ಮೇಲಿಂದ ಒಬ್ಬ ಕಿರುಚ್ತಾ ಇದ್ದಾನೆ. ಕಾಮೆಂಟ್‌ಗಳಲ್ಲಿ ಜನ ಇದು ಒಬ್ನೇ ಆಸಾಮಿನಾ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಒಬ್ನೇ. ಉದ್ದ ಕೊಕ್ಕೆ ಮೂಗು, ಚೂಪು ಕಿವಿ ಇರೋ ಮುಖವಾಡ ಹಾಕ್ಕೊಂಡು ಫೋಟೋಗೆ ನಿಲ್ಲೋ ನಾರ್ವೆಯ ಹೋವರ್ಡ್ ಎಲ್ಲೆಫ್ಸೆನ್, ಹುಟ್ಟಿದ್ದು 1975ರಲ್ಲಿ.

ಇವನ ಕೆರಿಯರ್ ಅರ್ಥ ಆಗ್ಬೇಕು ಅಂದ್ರೆ ಇವನೇ ಮಾಡ್ಕೊಂಡಿರೋ ಒಂದು ಲೆಕ್ಕ ಇದೆ, ಎರಾ (ಅಂದ್ರೆ ಕಾಲಘಟ್ಟ) 1, ಎರಾ 2, ಎರಾ 3, ಆಮೇಲೆ ನಗು ಬರೋ ಹಾಗೆ ಎರಾ 0. ಮೂರಾದ್ಮೇಲೆ ಸೊನ್ನೆ. ಫ್ಯಾನ್ಸು ಕೂಡ ಇದೇ ಲೆಕ್ಕದಲ್ಲೇ ಮಾತಾಡ್ತಾರೆ, "ನಾನು ಎರಾ 1 ಮಾತ್ರ ಕೇಳೋದು" ಅನ್ನೋರು ಒಂದು ಗುಂಪು, "ದಿ ಗ್ರಜ್ ಒಂದೇ ಸಾಕು" ಅಂತ ಆ 2004ರ ಆಲ್ಬಮ್ಮಿಗೆ ಅಂಟ್ಕೊಂಡೋರು ಇನ್ನೊಂದು ಗುಂಪು, ಇಬ್ರಿಗೂ ಆಗಿ ಬರಲ್ಲ. ನನ್ನ ಪ್ರಕಾರ ಈ ಎರಡು ಗುಂಪಿನ ಮಧ್ಯೆ ಸಿಕ್ಕಾಕ್ಕೊಂಡಿರೋದೇ ಇವನ ಕಥೆ, ಯಾಕಂದ್ರೆ ಇವ್ನು ಬಿಟ್ಟು ಹೋದ ಮ್ಯೂಸಿಕ್ಕು ಇವನಿಲ್ಲದೇನೇ ಬೆಳೀತು, ಬೆಳೆದು ಕೊನೆಗೆ ಇವನನ್ನೇ ವಾಪಸ್ ಎಳ್ಕೊಂಡು ಬಂತು.

ಶುರು ನೋಟೊಡ್ಡೆನ್‌ನಿಂದ ಮಾಡೋಣ. ನಾರ್ವೆಯ ದಕ್ಷಿಣಕ್ಕೆ ಟೆಲೆಮಾರ್ಕ್ ಅನ್ನೋ ಸೀಮೆಯಲ್ಲಿರೋ ಸಣ್ಣ ಊರು ಅದು. ನೀರಿಂದ ಕರೆಂಟ್ ತೆಗ್ದು, ಆ ಕರೆಂಟಿಂದ ಗಾಳಿಯಲ್ಲಿರೋ ನೈಟ್ರೋಜನ್ ಹಿಡಿದು ಗೊಬ್ಬರ ಮಾಡೋ ಫ್ಯಾಕ್ಟರಿಗೆ ಹೆಸರುವಾಸಿ, ನಾರ್ಸ್ಕ್ ಹೈಡ್ರೋ ಕಂಪನಿ 1905ರಲ್ಲಿ ಹುಟ್ಟಿದ್ದು ಇಲ್ಲೇ, 2015ರಲ್ಲಿ ಪಕ್ಕದ ರ್ಯೂಕನ್ ಜೊತೆ ಸೇರಿಸಿ ಯುನೆಸ್ಕೋ ಪಟ್ಟಿಗೂ ಹಾಕಿದ್ರು. ಫ್ಯಾಕ್ಟರಿ ಊರಲ್ಲಿ ಬೆಳೆದೋನು ಇಂಡಸ್ಟ್ರಿಯಲ್ ಮ್ಯೂಸಿಕ್ ಮಾಡ್ದ ಅಂತ ಚೆನ್ನಾಗಿರೋ ಒಂದು ಕಥೆ ಕಟ್ಟಬಹುದು, ಆದ್ರೆ ಹಾಗಲ್ಲ, ಇವ್ನು ಶುರು ಮಾಡಿದ್ದು ಮೆಟಲ್‌ನಿಂದ.

1991ರಲ್ಲಿ ಅದೇ ಊರಿನ ಕಡೆಯ ಇಸಾನ್, ಸಾಮೋತ್ ಅನ್ನೋ ಹುಡುಗ್ರು ಎಂಪರರ್ ಅಂತ ಬ್ಯಾಂಡ್ ಕಟ್ಟಿದ್ರು, ಬೇಸ್ ಗಿಟಾರ್‌ಗೆ ಬಂದೋನು ಮೊರ್ಟೀಸ್. ವಯಸ್ಸು ಹದಿನಾರು. 1992ರ ರಾತ್ ಆಫ್ ದಿ ಟೈರಂಟ್ ಡೆಮೋದಲ್ಲಿ (ಆಲ್ಬಮ್‌ಗೆ ಮುಂಚೆ ಮಾಡೋ ಸ್ಯಾಂಪಲ್ ಟೇಪು) ಬೇಸ್ ಇವಂದೇ, 1993ರಲ್ಲಿ ಬಂದ ಎಂಪರರ್ ಅನ್ನೋ ಇಪಿಯಲ್ಲೂ, ಅಂದ್ರೆ ಚಿಕ್ಕ ರೆಕಾರ್ಡಲ್ಲೂ, ಇವಂದೇ. ಅದಕ್ಕಿಂತ ಮುಖ್ಯ ಅಂದ್ರೆ ಹಾಡಿನ ಸಾಹಿತ್ಯ. ಬ್ಲ್ಯಾಕ್ ಮೆಟಲ್, ಅಂದ್ರೆ ಮೆಟಲ್‌ನಲ್ಲೇ ತುಂಬಾ ಕರಾಳವಾಗಿ ಕಿರುಚೋ ಬಗೆ, ಕೇಳೋರೆಲ್ಲ ಬಾಯಿಪಾಠ ಮಾಡ್ಕೊಂಡಿರೋ ಐ ಆಮ್ ದಿ ಬ್ಲ್ಯಾಕ್ ವಿಝಾರ್ಡ್ಸ್ ಬರೆದೋನು ಇದೇ ಹುಡುಗ, ಎಂಪರರ್ ಇವತ್ತಿಗೂ ಸ್ಟೇಜಲ್ಲಿ ನುಡಿಸೋ ಹಾಡು ಅದು, ಬರೆದೋನು ಬ್ಯಾಂಡ್ ಬಿಟ್ಟು ಮೂವತ್ತು ವರ್ಷದ ಮೇಲಾಯ್ತು.

ಆ ಟೈಮಲ್ಲಿ ನಾರ್ವೆ ಬ್ಲ್ಯಾಕ್ ಮೆಟಲ್ ಹೇಗಿತ್ತು ಅಂತ ತುಂಬಾ ಜನಕ್ಕೆ ಗೊತ್ತು. 1992ರ ಜೂನ್‌ನಲ್ಲಿ ಬೆರ್ಗೆನ್ ಹತ್ರದ ಫಾಂಟೋಫ್ಟ್ ಮರದ ಚರ್ಚ್ ಸುಟ್ಟು ಬೂದಿ ಆಯ್ತು, 1993ರ ಆಗಸ್ಟಲ್ಲಿ ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಯೂರೋನಿಮಸ್ ಕೊಲೆ ಆದ. ಎಂಪರರ್‌ನ ಡ್ರಮ್ಮರ್ ಬೇರೊಂದು ಕೊಲೆ ಕೇಸಲ್ಲಿ, ಗಿಟಾರಿಸ್ಟ್ ಚರ್ಚ್ ಸುಟ್ಟ ಕೇಸಲ್ಲಿ ಜೈಲಿಗೆ ಹೋದ್ರು. ಇದರ ಬಗ್ಗೆ ಬರೆದಿರೋದು ಬೇಕಾದಷ್ಟಿದೆ, ನಾನು ಮತ್ತೆ ಎಳೆಯಲ್ಲ. ನಮಗೆ ಬೇಕಾಗಿರೋ ಸಣ್ಣ ವಿಷಯ ಬೇರೆ. ಆ ಕಾಲದ ಬ್ಲ್ಯಾಕ್ ಮೆಟಲ್ ಆಲ್ಬಮ್‌ಗಳಲ್ಲಿ ಗಿಟಾರ್ ಶುರು ಆಗೋ ಮುಂಚೆ ಒಂದೆರಡು ನಿಮಿಷ ಕೀಬೋರ್ಡ್ ಪೀಸ್ ಹಾಕೋ ಚಾಳಿ ಇತ್ತು, ಗಾಳಿ ಸದ್ದು, ಗಂಟೆ, ಯಾವುದೋ ಹಳೇ ಕಾಲದ ಮೆರವಣಿಗೆ ಥರ ಒಂದು ರಾಗ. ಎಲ್ರೂ ಅದನ್ನ ಬಾಗಿಲು ಅಂತ ನೋಡಿದ್ರೆ ಮೊರ್ಟೀಸ್ ಆ ಬಾಗಿಲಲ್ಲೇ ಕೂತ್ಬಿಟ್ಟ. ಗಿಟಾರ್ ಬರೋದೇ ಬೇಡ, ಆ ಇಂಟ್ರೋನೇ ಒಂದು ಗಂಟೆ ಎಳೆದ್ರೆ ಹೇಗಿರುತ್ತೆ? ಎರಾ 1 ಅಂದ್ರೆ ಇಷ್ಟೇ ಐಡಿಯಾ.

1993ರಲ್ಲಿ ಮೊದಲ ಡೆಮೋ ಬಂತು, ದಿ ಸಾಂಗ್ ಆಫ್ ಎ ಲಾಂಗ್ ಫರ್ಗಾಟನ್ ಘೋಸ್ಟ್. 1994ರಲ್ಲಿ ಮೊದಲ ಆಲ್ಬಮ್ಮು ಫ್ಯೋಟ್ ಟಿಲ್ ಓ ಹೆರ್ಸ್ಕೆ, ಅಂದ್ರೆ ಆಳೋಕೇ ಹುಟ್ಟಿದವನು. ಒಟ್ಟು ಎರಡೇ ಟ್ರ್ಯಾಕು, ಒಂದನೇ ಭಾಗ, ಎರಡನೇ ಭಾಗ, ಅಷ್ಟೇ. 1995ರಲ್ಲಿ ಓನ್ನೆನ್ ಸೊಮ್ ಯೂರ್ದೆ ಓಪ್ರ್ಯೋರ್, ಅದರಲ್ಲೂ ಎರಡೇ. ಅದೇ ವರ್ಷ ಕೈಸರ್ ಆವ್ ಎನ್ ದಿಮೆನ್ಶೂನ್ ಉಶೆಂಟ್. ಇಷ್ಟೊತ್ತಿಗೆ ಇವ್ನು ನಾರ್ವೆ ಬಿಟ್ಟು ಸ್ವೀಡನ್‌ಗೆ ಹೋಗಿದ್ದ.

ಇದನ್ನ ಡಾರ್ಕ್ ಆಂಬಿಯೆಂಟ್ ಅಂತ ಯಾಕೆ ಕರೀತಾರೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು. ಆಂಬಿಯೆಂಟ್ ಅನ್ನೋದನ್ನ ಒಂದು ಹೆಸರಾಗಿ ನಿಲ್ಲಿಸಿದ್ದು ಬ್ರಯಾನ್ ಈನೋ, 1978ರಲ್ಲಿ ಏರ್‌ಪೋರ್ಟ್‌ಗೆ ಅಂತ ಮಾಡಿದ ಆಲ್ಬಮ್‌ನಿಂದ, ಗಮನ ಕೊಟ್ಟಾದ್ರೂ ಕೇಳಿ, ಇಲ್ಲ ಬಿಡಿ, ಸುಮ್ಮನೆ ರೂಮಿನ ಗಾಳಿ ಥರ ಇರುತ್ತೆ ಅನ್ನೋ ಲೆಕ್ಕ. ಅದು ನೆಮ್ಮದಿಗೆ. ಅದೇ ಉಪಾಯವನ್ನ ಭಯಕ್ಕೆ ಬಳಸಿದ್ರೆ ಡಾರ್ಕ್ ಆಂಬಿಯೆಂಟ್. ಕೆಳಗಡೆ ನಿಲ್ಲದೇ ಓಡೋ ಒಂದು ಸ್ವರ ಇರುತ್ತೆ, ಡ್ರೋನ್ ಅಂತಾರೆ, ನಮ್ಮ ಕಚೇರಿಯಲ್ಲಿ ತಂಬೂರಿ ಶ್ರುತಿ ಹಿಡಿದ ಹಾಗೆ ಅಂದ್ಕೊಳ್ಳಿ, ಆದ್ರೆ ಇಲ್ಲಿ ಅದರ ಮೇಲೆ ಹಾಡೋಕೆ ಯಾರೂ ಬರೋದೇ ಇಲ್ಲ, ಬರ್ತಾರೆ ಬರ್ತಾರೆ ಅಂತ ಕಾಯಿಸ್ತಾನೇ ಇರೋದೇ ಅದರ ಕೆಲಸ. ರಿವರ್ಬ್, ಅಂದ್ರೆ ಪ್ರತಿಧ್ವನಿ ಥರದ ಗುಂಗು, ಜಾಸ್ತಿ ಹಾಕಿ ಸದ್ದಿಗೆ ದೊಡ್ಡ ಖಾಲಿ ಜಾಗ ಕೊಡ್ತಾರೆ. ವೇಲ್ಸ್‌ನ ಲಸ್ಟ್‌ಮಾರ್ಡ್ 1990ರಲ್ಲಿ ತಂದ ಹೆರೆಸಿ ಕೇಳಿದ್ರೆ ಇದು ಪಕ್ಕಾ ಗೊತ್ತಾಗುತ್ತೆ.

ಮೊರ್ಟೀಸ್ ಮಾಡಿದ್ದು ಅಷ್ಟು ಶುದ್ಧವಾಗಿ ಇದಲ್ಲ, ಅಲ್ಲೇ ಮಜಾ ಇರೋದು. ಲಸ್ಟ್‌ಮಾರ್ಡ್ ಥರದೋರಲ್ಲಿ ರಾಗ ಅಂತ ಹಿಡಿಯೋಕೆ ಏನೂ ಸಿಗಲ್ಲ, ಇವನಲ್ಲಿ ರಾಗ ಇದೆ, ಒಂದ್ಸಲ ಕೇಳಿದ್ರೆ ಗುನುಗಬಹುದು. ಟಿಂಪನಿ ಥರ ಡೋಲು, ಟ್ರಂಪೆಟ್ ಥರ ಕೀಬೋರ್ಡ್ ಸೌಂಡು, ರಾಜ ಸವಾರಿ ಬಂದ ಹಾಗೆ. ಜರ್ಮನಿಯ ಟ್ಯಾಂಜರಿನ್ ಡ್ರೀಮ್, ಕ್ಲಾಸ್ ಶುಲ್ಝೆ ಇವರೆಲ್ಲ ಎಪ್ಪತ್ತರ ದಶಕದಲ್ಲಿ ಒಂದು ಎಲ್‌ಪಿಯ ಇಡೀ ಮಗ್ಗುಲಿಗೆ ಒಂದೇ ಪೀಸ್ ಹಾಕ್ತಿದ್ರಲ್ಲ, ಆ ಧೈರ್ಯ ಅಲ್ಲಿಂದ ಬಂದಿದ್ದು. ಸೌಂಡು ನಿಜವಾದ ಆರ್ಕೆಸ್ಟ್ರಾ ಥರ ಇರೋದೇ ಇಲ್ಲ, ಕಹಳೆ ಅಂದ್ರೆ ಕೀಬೋರ್ಡ್ ಕಹಳೆ ಅಂತ ಮೊದಲ ಸೆಕೆಂಡಲ್ಲೇ ಗೊತ್ತಾಗುತ್ತೆ. ಇದನ್ನ ಆಗ ಬೈದೋರು ಇದ್ರು. ಆ ಅಗ್ಗದ ಸೌಂಡೇ ಮುಂದೆ ಇದರ ರುಚಿ ಆಗುತ್ತೆ ಅಂತ ಯಾರೂ ಅಂದ್ಕೊಂಡಿರಲ್ಲ, ಹಳೇ ವಿಡಿಯೋ ಗೇಮ್ ಆಡಿ ಬೆಳೆದೋರಿಗೆ ಆ ಸೌಂಡ್ ಕೇಳಿದ್ರೇನೇ ಕತ್ತಲೆ ಸುರಂಗ, ಪಂಜು, ಎಲುಬುಗೂಡು ಎಲ್ಲ ಕಣ್ಮುಂದೆ ಬರುತ್ತೆ.

ಈಗ ಇಂಡಸ್ಟ್ರಿಯಲ್ ವಿಷಯ. ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ, ಯಾಕಂದ್ರೆ ಇವನ ಹೆಸರಿನ ಪಕ್ಕ ಈ ಪದ ಎರಡು ಬೇರೆ ಬೇರೆ ಕಾಲದಲ್ಲಿ ಎರಡು ಬೇರೆ ಕಾರಣಕ್ಕೆ ಬರುತ್ತೆ. ಇಂಡಸ್ಟ್ರಿಯಲ್ ಅನ್ನೋದು ಹುಟ್ಟಿದ್ದು ಲಂಡನ್ನಲ್ಲಿ, ಥ್ರಾಬಿಂಗ್ ಗ್ರಿಸಲ್ ಅನ್ನೋ ಗುಂಪು 1976ರಲ್ಲಿ ತಮ್ಮ ಲೇಬಲ್‌ಗೆ, ಅಂದ್ರೆ ರೆಕಾರ್ಡ್ ಕಂಪನಿಗೆ, ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಹೆಸರಿಟ್ರು, ಟೇಪು, ಗದ್ದಲ, ಮುಜುಗರ ಆಗೋ ವಿಷಯಗಳು, ಇದೇ ಅವರ ಸಾಮಾನು. ಅಲ್ಲಿಂದ ದಾರಿ ಕವಲಾಯ್ತು. ಒಂದು ಕವಲು ಅಂಡರ್‌ಗ್ರೌಂಡಲ್ಲೇ ಉಳೀತು, ಇನ್ನೂ ನಿಧಾನ ಆಗಿ ಇನ್ನೂ ಕತ್ತಲಾಗಿ ಡಾರ್ಕ್ ಆಂಬಿಯೆಂಟ್ ಜೊತೆ ಬೆರೆತು ಹೋಯ್ತು, ಅದರ ದೊಡ್ಡ ಅಡ್ಡಾ ಅಂದ್ರೆ ಸ್ವೀಡನ್ನಿನ ರೋಜರ್ ಕಾರ್ಮಾನಿಕ್ 1987ರಲ್ಲಿ ಶುರು ಮಾಡಿದ ಕೋಲ್ಡ್ ಮೀಟ್ ಇಂಡಸ್ಟ್ರಿ ಲೇಬಲ್ಲು, ರೇಝಾನ್ ದೆತ್ರ್, ಡಾಯ್ಚ್ ನೇಪಾಲ್ ಎಲ್ಲ ಅಲ್ಲಿನವರೇ. ಇನ್ನೊಂದು ಕವಲು ಅಮೆರಿಕಾ ಕೆನಡಾ ಕಡೆ ಹೋಗಿ ಗಿಟಾರು, ಡ್ಯಾನ್ಸ್ ಬೀಟು, ಪಲ್ಲವಿ ಎಲ್ಲ ಸೇರಿಸ್ಕೊಂಡು ಸ್ಕಿನ್ನಿ ಪಪ್ಪಿ, ಮಿನಿಸ್ಟ್ರಿ, ಆಮೇಲೆ ನೈನ್ ಇಂಚ್ ನೈಲ್ಸ್ ಆಯ್ತು, 1994ರ ದಿ ಡೌನ್‌ವರ್ಡ್ ಸ್ಪೈರಲ್ ಹೊತ್ತಿಗೆ ಅದು ಎಂಟಿವಿಗೆ ಬಂದಿತ್ತು.

ಮೊರ್ಟೀಸ್‌ನ 1995ರ ಓನ್ನೆನ್ ಆಲ್ಬಮ್ ಬಂದಿದ್ದು ಕೋಲ್ಡ್ ಮೀಟ್‌ನಿಂದ. ಹಾಗಾಗಿ ಅಂಗಡಿಯಲ್ಲಿ ಇವನ ಸಿಡಿ ಇಂಡಸ್ಟ್ರಿಯಲ್ ಕಪಾಟಿಗೆ ಹೋಯ್ತು, ಕೇಳೋಕೆ ಅದರಲ್ಲಿ ಒಂದು ಮಷೀನೂ ಇಲ್ಲದೇ ಇದ್ರೂ. ಅದು ನೆರೆಹೊರೆಯಿಂದ ಬಂದ ಹೆಸರು. ಹತ್ತು ವರ್ಷ ಆದ್ಮೇಲೆ ಇವ್ನು ನಿಜವಾಗ್ಲೂ ಇಂಡಸ್ಟ್ರಿಯಲ್ ಆದಾಗ, ಆಗಿದ್ದು ಎರಡನೇ ಕವಲಿಗೆ.

ಎರಾ 1ರಲ್ಲಿ ಇವನ ಕೈ ಸುಮ್ಮನೆ ಇರ್ತಿರಲಿಲ್ಲ ಅನ್ನೋದೂ ಹೇಳ್ಬೇಕು. ಮೊರ್ಟೀಸ್ ಹೆಸರಲ್ಲಿ ಬರ್ತಿದ್ದಷ್ಟು ಸಾಲದು ಅಂತ ಪಕ್ಕದಲ್ಲಿ ಮೂರು ಪ್ರಾಜೆಕ್ಟು. ವೊಂಡ್ ಅನ್ನೋದು ಎಲ್ಲಕ್ಕಿಂತ ಕರಾಳ, 1994ರ ಸೆಲ್ವ್‌ಮೂರ್ಡ್ ಕೇಳಿದ್ರೆ ಮನಸ್ಸು ಭಾರ ಆಗುತ್ತೆ, ಮೂಡ್ ಸರಿ ಇಲ್ದೇ ಇದ್ದಾಗ ದಯವಿಟ್ಟು ಬೇಡ. ಫಾಟಾ ಮೊರ್ಗಾನಾ ಇದ್ದಿದ್ದರಲ್ಲಿ ಸ್ವಲ್ಪ ಹಗುರ. ಚಿಂತೆಚೆಲೆ ದಿಯಾವೊಲುಯಿ ಅನ್ನೋದು ರಕ್ತಪಿಶಾಚಿ ಸಿನಿಮಾಗೆ ಆರ್ಗನ್ ಬಾರಿಸಿದ ಹಾಗೆ. ಇವೆಲ್ಲ ಜೊತೆಗೆ ಸ್ವಂತ ಲೇಬಲ್ ಬೇರೆ, ಡಾರ್ಕ್ ಡಂಜನ್ ಮ್ಯೂಸಿಕ್ ಅಂತ (ಡಂಜನ್ ಅಂದ್ರೆ ಕೋಟೆಯ ನೆಲಮಾಳಿಗೆ ಜೈಲು), 1996ರ ಕ್ರಿಪ್ಟ್ ಆಫ್ ದಿ ವಿಝಾರ್ಡ್ ಬಂದಿದ್ದು ಅದರಿಂದಾನೇ. ಈ ಆಲ್ಬಮ್‌ನಲ್ಲಿ ಒಂದು ಬದಲಾವಣೆ ನೋಡಿ, ಅರ್ಧರ್ಧ ಗಂಟೆ ಟ್ರ್ಯಾಕ್ ಹೋಗಿ ಚಿಕ್ಕ ಚಿಕ್ಕ ಪೀಸ್‌ಗಳು ಬಂದ್ವು. ನನಗೆ ಇವನದರಲ್ಲಿ ತುಂಬಾ ಇಷ್ಟ ಇದೇ, ಹಳೇ ಫ್ಯಾನ್ಸು ಮೊದಲ ಎರಡು ಆಲ್ಬಮ್ಮೇ ದೊಡ್ಡದು ಅಂತಾರೆ, ಹೇಳ್ಕೊಳ್ಳಲಿ.

ಮುಖವಾಡದ ಬಗ್ಗೆ ನಕ್ಕೋರು ಕಮ್ಮಿ ಇಲ್ಲ, ನೋಡೋಕೂ ನಗು ಬರೋ ಹಾಗೇ ಇದೆ ಅನ್ನಿ. ಆದ್ರೆ ಅದು ಬರೀ ಪಬ್ಲಿಸಿಟಿಗೆ ಅಂದ್ರೆ ಅರ್ಧ ಸತ್ಯ. ಹಾಡಿಲ್ಲ, ಮಾತಿಲ್ಲ, ಬ್ಯಾಂಡಿಲ್ಲ, ಹಾಗಿರುವಾಗ ಈ ಮ್ಯೂಸಿಕ್ ಎಲ್ಲಿ ನಡೀತಿದೆ ಅಂತ ಕೇಳೋನಿಗೆ ಹೇಳೋಕೆ ಬೇರೆ ಏನಾದ್ರೂ ಬೇಕಲ್ಲ, ಆ ಕೆಲಸ ಕವರ್ ಚಿತ್ರ, ಮುಖವಾಡ, ಇವ್ನೇ ಬರ್ಕೊಂಡಿದ್ದ ಕಾಲ್ಪನಿಕ ಲೋಕದ ಪದ್ಯಗಳು ಮಾಡ್ತಿದ್ವು. ಆ ಪದ್ಯಗಳು 2001ರಲ್ಲಿ ಸೀಕ್ರೆಟ್ಸ್ ಆಫ್ ಮೈ ಕಿಂಗ್ಡಮ್ ಅಂತ ಪುಸ್ತಕವಾಗಿಯೂ ಬಂದ್ವು.

1999ರಲ್ಲಿ ದಿ ಸ್ಟಾರ್‌ಗೇಟ್. ಲೇಬಲ್ಲು ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಇಯರೇಕ್, ನೇಪಾಮ್ ಡೆತ್, ಗಾಡ್‌ಫ್ಲೆಶ್ ಎಲ್ಲ ಬಂದ ಮನೆ. ಸೌಂಡು ದೊಡ್ಡದಾಯ್ತು, ಸಾರಾ ಜೆಝಬೆಲ್ ದೇವಾ ಹಾಡಿದ್ರು, ಕ್ರೇಡಲ್ ಆಫ್ ಫಿಲ್ತ್ ಅನ್ನೋ ಮೆಟಲ್ ಬ್ಯಾಂಡ್ ಕೇಳಿದೋರಿಗೆ ಆ ಗಂಟಲು ಗೊತ್ತಿರುತ್ತೆ. ಎರಾ 1 ಇಲ್ಲಿಗೆ ಮುಗೀತು. ಆರು ವರ್ಷ ಒಂದೇ ಲೋಕದಲ್ಲಿ ಓಡಾಡಿ ಅದರ ಗೋಡೆಗಳೆಲ್ಲ ಕೈಗೆ ಸಿಕ್ಕಿದ್ವು ಅನ್ಸುತ್ತೆ, ಯಾಕಂದ್ರೆ ಮುಂದಿನ ಆಲ್ಬಮ್‌ನಲ್ಲಿ ಹಳೇದು ಯಾವುದನ್ನೂ ಉಳಿಸಿಲ್ಲ.

2001ರ ದಿ ಸ್ಮೆಲ್ ಆಫ್ ರೇನ್‌ನಲ್ಲಿ ಮೊದಲ ಸಲ ಇವ್ನೇ ಮುಂದೆ ನಿಂತು ಹಾಡ್ದ. ಇದೇ ಎರಾ 2, ಒಂದೇ ಒಂದು ಆಲ್ಬಮ್ಮಿನ ಎರಾ. ನಾಲ್ಕೈದು ನಿಮಿಷದ ಹಾಡುಗಳು, ಪಲ್ಲವಿ, ಡ್ರಮ್ ಬೀಟು, ಎಂಬತ್ತರ ದಶಕದ ಸಿಂತ್ ಪಾಪ್ (ಸಿಂಥಸೈಝರ್ ಕೀಬೋರ್ಡ್ ಮೇಲೆ ಕಟ್ಟಿದ ಪಾಪ್) ವಾಸನೆ. ಮೆಟಲ್ ಹಿನ್ನೆಲೆಯಿಂದ ಬಂದ ಫ್ಯಾನ್ಸಿಗೆ ಇದು ಪಾಪ್ ಆಗಿ ಹೋಯ್ತು, ಪಾಪ್ ಕೇಳೋರಿಗೆ ಈ ಮೂಗು ನೋಡಿ ಹತ್ರ ಬರೋ ಧೈರ್ಯ ಇಲ್ಲ. ದನಿ ಅಷ್ಟೇನೂ ಪಳಗಿದ್ದಲ್ಲ, ಆದ್ರೆ ಪ್ಯಾರಸೈಟ್ ಗಾಡ್ ಹಾಡು ಇವತ್ತು ಹಾಕಿದ್ರೂ ನಿಲ್ಲುತ್ತೆ. ಹಾಡೋಕೆ ಶುರು ಮಾಡಿದ್ರಿಂದ ಇನ್ನೊಂದೂ ಆಯ್ತು, ಕಲ್ಪನೆಯ ಲೋಕ ಹೋಗಿ ಸಾಹಿತ್ಯದಲ್ಲಿ ಇವನ ಸ್ವಂತ ತಲೆನೋವು, ಸಿಟ್ಟು, ಜಿಗುಪ್ಸೆ ಬರೋಕೆ ಶುರುವಾಯ್ತು. ರಾಜ ಹೋದ, ಮನುಷ್ಯ ಬಂದ.

ಆ ಸಿಟ್ಟು ಪೂರ್ತಿ ಬಾಯಿ ಬಿಟ್ಟಿದ್ದು 2004ರ ದಿ ಗ್ರಜ್‌ನಲ್ಲಿ. ಎರಾ 3. ಈಗ ಮೊರ್ಟೀಸ್ ಅಂದ್ರೆ ಒಬ್ಬ ವ್ಯಕ್ತಿ ಅಲ್ಲ, ಪೂರ್ತಿ ಬ್ಯಾಂಡು, ಗಿಟಾರಿಸ್ಟು ಡ್ರಮ್ಮರ್ ಎಲ್ಲ ಇದಾರೆ, ವಿಡಿಯೋ ಇದೆ, ಟೂರ್ ಇದೆ. ಇದು ಇಂಡಸ್ಟ್ರಿಯಲ್ ರಾಕ್, ಅಂದ್ರೆ ಗಿಟಾರ್ ರಿಫ್‌ಗಳನ್ನ, ಮತ್ತೆ ಮತ್ತೆ ಬರೋ ಆ ಚಿಕ್ಕ ತುಣುಕುಗಳನ್ನ, ಕಂಪ್ಯೂಟರಲ್ಲಿ ಕತ್ತರಿಸಿ ಬೀಟ್‌ಗೆ ಸರಿಯಾಗಿ ಅಂಟಿಸೋದು, ದನಿಯನ್ನ ಡಿಸ್ಟಾರ್ಷನ್‌ನಲ್ಲಿ ಅದ್ದೋದು, ಮನುಷ್ಯ ಬಾರಿಸಿದ ಡ್ರಮ್ ಮೇಲೆ ಮಷೀನ್ ಡ್ರಮ್ ಕೂರಿಸೋದು. ನೈನ್ ಇಂಚ್ ನೈಲ್ಸ್ ನೆರಳು ಚೆನ್ನಾಗೇ ಬಿದ್ದಿದೆ, ಅದನ್ನ ಮುಚ್ಚಿಡೋಕೂ ಹೋಗಿಲ್ಲ. ಮುಖವಾಡಾನೂ ಬದಲಾಯ್ತು, ಕಾಡಿನ ಭೂತ ಹೋಗಿ ಹರಿದು ಹೊಲಿದ ಚರ್ಮದ ಥರ ಆಯ್ತು. 2007ರಲ್ಲಿ ಇದೇ ಆಲ್ಬಮ್ಮಿನ ಹಾಡುಗಳನ್ನ ಬೇರೆಯವರ ಕೈಲಿ ರೀಮಿಕ್ಸ್ ಮಾಡಿಸಿ ಸಮ್ ಕೈಂಡ್ ಆಫ್ ಹೆರಾಯಿನ್ ಅಂತ ಬಿಟ್ರು. ರೀಮಿಕ್ಸ್ ಮಾಡೋದು ಇಂಡಸ್ಟ್ರಿಯಲ್ ಜನರ ಹಳೇ ಸಂಪ್ರದಾಯ, ಒಂದು ಹಾಡನ್ನ ಹತ್ತು ಜನರ ಗ್ಯಾರೇಜಿಗೆ ಬಿಟ್ಟು ಬಿಡಿಭಾಗ ಏನೇನ್ ಆಗುತ್ತೆ ನೋಡೋದು.

ಇದಾದ್ಮೇಲೆ ಒಂದು ದೊಡ್ಡ ಗ್ಯಾಪ್. 2010ರಲ್ಲಿ ಪರ್ಫೆಕ್ಟ್ಲಿ ಡಿಫೆಕ್ಟ್ ಅನ್ನೋ ಆಲ್ಬಮ್ಮನ್ನ ಫ್ರೀಯಾಗಿ ಡೌನ್‌ಲೋಡ್‌ಗೆ ಬಿಟ್ಟ, ಇಲ್ಲಿಂದ ಎರಾ 0. ಸಿಡಿ ವ್ಯಾಪಾರ ಕುಸಿದು ಬಿದ್ದಿದ್ದ ಕಾಲ ಅದು, ಎಷ್ಟೋ ಜನ ಕಲಾವಿದರು ಲೇಬಲ್ ಬಿಟ್ಟು ನೇರ ನೆಟ್‌ಗೆ ಬರ್ತಿದ್ರು. ಆಮೇಲೆ 2016ರಲ್ಲಿ ದಿ ಗ್ರೇಟ್ ಡಿಸೀವರ್, ಸ್ವಂತ ಲೇಬಲ್ ಆಮ್ನಿಪ್ರೆಸೆನ್ಸ್‌ನಿಂದ, ಇದೂ ಇಂಡಸ್ಟ್ರಿಯಲ್ ರಾಕೇ, ದಿ ಗ್ರಜ್‌ಗಿಂತ ಗಟ್ಟಿಯಾಗಿದೆ ಅನ್ನೋದು ನನ್ನ ಅಭಿಪ್ರಾಯ, ಡೊಪೆಲ್‌ಗ್ಯಾಂಗರ್, ಡೀಮನ್ಸ್ ಆರ್ ಬ್ಯಾಕ್ ಎರಡನ್ನ ಕೇಳಿ ನೀವೇ ಹೇಳಿ. ಆದ್ರೆ ಬಂದಿದ್ದು ತಡವಾಗಿ. ಇಂಡಸ್ಟ್ರಿಯಲ್ ರಾಕ್‌ಗೆ ಗಿರಾಕಿ ಇದ್ದ ಕಾಲ ಅಷ್ಟೊತ್ತಿಗೆ ಮುಗಿದಿತ್ತು.

ಇಲ್ಲಿ ಕಥೆ ತಿರುಗೋದು. ಇವ್ನು ಗಿಟಾರ್ ಹಿಡ್ಕೊಂಡು ಓಡಾಡ್ತಿದ್ದ ಹೊತ್ತಲ್ಲಿ ಇವನ ಹಳೇ ಕ್ಯಾಸೆಟ್ಟುಗಳು ಬೇರೆ ಕೆಲಸ ಮಾಡ್ತಾ ಇದ್ವು. ತೊಂಬತ್ತರ ದಶಕದಲ್ಲಿ ಮೆಟಲ್ ಹುಡುಗ್ರು ಮಾಡಿದ್ದ ಇಂಥ ಕೀಬೋರ್ಡ್ ರೆಕಾರ್ಡ್‌ಗಳು ಇನ್ನೂ ಇದ್ವಲ್ಲ, ನಾರ್ವೆಯದೇ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಸ್ಯಾಟಿರಿಕಾನ್‌ನ ಸ್ಯಾಟಿರ್ 1995ರಲ್ಲಿ ಮಾಡಿದ ವೊಂಗ್ರಾವೆನ್, ಜೈಲಲ್ಲಿ ಕೂತು ಬರೀ ಸಿಂತ್‌ನಲ್ಲೇ ಮಾಡಿ 1997ರಲ್ಲಿ ಬಂದ ಬರ್ಝಮ್ ಅನ್ನೋ ಇನ್ನೊಂದು ಬ್ಲ್ಯಾಕ್ ಮೆಟಲ್ ಪ್ರಾಜೆಕ್ಟಿನ ಆಲ್ಬಮ್ಮು, ಇಂಥವನ್ನೆಲ್ಲ ಹೊಸ ತಲೆಮಾರಿನೋರು ನೆಟ್‌ನಲ್ಲಿ ಹುಡುಕಿ ಹುಡುಕಿ ಒಂದು ಕಡೆ ಪೇರಿಸಿದ್ರು. 2011ರ ಸುಮಾರಿಗೆ ಅದಕ್ಕೆ ಡಂಜನ್ ಸಿಂತ್ ಅಂತ ಹೆಸರು ಬಿತ್ತು. ಡಾರ್ಕ್ ಡಂಜನ್ ಮ್ಯೂಸಿಕ್ ಅನ್ನೋ ಲೇಬಲ್ ಹೆಸರು ಈಗಾಗ್ಲೇ ಓದಿದೀರಲ್ಲ, ಡಂಜನ್ ಯಾರ ಮನೆಯಿಂದ ಬಂತು ಅಂತ ಬೇರೆ ಹೇಳ್ಬೇಕಾಗಿಲ್ಲ.

ಇದು ಹಬ್ಬೋಕೆ ಕಾರಣ ಬ್ಯಾಂಡ್‌ಕ್ಯಾಂಪ್, ಕಲಾವಿದರೇ ನೇರವಾಗಿ ತಮ್ಮ ಮ್ಯೂಸಿಕ್ ಮಾರೋ ವೆಬ್‌ಸೈಟು. ಒಂದು ಲ್ಯಾಪ್‌ಟಾಪು, ಫ್ರೀ ಸಾಫ್ಟ್‌ವೇರ್ ಸಿಂತು, ಕವರ್‌ಗೆ ಒಂದು ಹಳೇ ಕೋಟೆ ಚಿತ್ರ ಇದ್ರೆ ಸಾಕು, ಮನೇಲಿ ಕೂತು ಆಲ್ಬಮ್ ಬಿಡಬಹುದು, ಐವತ್ತು ಕ್ಯಾಸೆಟ್ ಮಾಡಿಸಿದ್ರೆ ಐವತ್ತೂ ಖಾಲಿ ಆಗುತ್ತೆ. ಫ್ರಾನ್ಸಿನ ಎರಾಂಗ್, ಅಮೆರಿಕಾದ ಫೀಫ್, ನೆದರ್‌ಲ್ಯಾಂಡ್ಸ್‌ನ ಓಲ್ಡ್ ಟವರ್, ಇವರೆಲ್ಲ ಹೀಗೇ ಬಂದೋರು. ಇವರಲ್ಲಿ ತುಂಬಾ ಜನ ಮುಖ ತೋರಿಸಲ್ಲ, ಹೆಸರು ಹೇಳಲ್ಲ, ತಮ್ಮದೇ ಒಂದು ರಾಜ್ಯ ಇದೆ ಅಂತ ಕಥೆ ಕಟ್ತಾರೆ. ಹದಿನೆಂಟು ಹತ್ತೊಂಬತ್ತನೇ ವಯಸ್ಸಲ್ಲಿ ಮೊರ್ಟೀಸ್ ಮಾಡಿ ನಗೆಪಾಟಲಾಗಿದ್ದು ಇಪ್ಪತ್ತು ವರ್ಷ ಕಳೆದ್ಮೇಲೆ ಒಂದಿಡೀ ಪ್ರಕಾರಕ್ಕೆ ರೂಲ್ ಬುಕ್ ಆಗಿತ್ತು.

ಅಷ್ಟು ವರ್ಷ ಆ ಸ್ಟೈಲಲ್ಲಿ ಒಂದು ಆಲ್ಬಮ್ಮೂ ಮಾಡದಿದ್ದೋನು ಕೊನೆಗೆ ತಿರುಗಿ ಬಂದ. ಎರಾ 1ರ ಮ್ಯೂಸಿಕ್ಕನ್ನೇ ಹಿಡ್ಕೊಂಡು, ಹಳೇ ಮುಖವಾಡ ಹಾಕ್ಕೊಂಡು ಸ್ಟೇಜ್ ಹತ್ತಿದ. 2020ರಲ್ಲಿ ಸ್ಪಿರಿಟ್ ಆಫ್ ರೆಬೆಲಿಯನ್ ಬಂತು, ಇದು 1995ರ ಓನ್ನೆನ್ ಆಲ್ಬಮ್ಮನ್ನ ಬಿಚ್ಚಿ ಮತ್ತೆ ಕಟ್ಟಿದ್ದು. ಹಳೇ ಟೇಪನ್ನ ಕ್ಲೀನ್ ಮಾಡಿ ಕೊಟ್ಟಿದ್ದಲ್ಲ, ರಾಗ ಅವೇ, ಆದ್ರೆ ಹೊಸ ಭಾಗಗಳು ಸೇರಿವೆ, ಡೋಲು ಎದೆಗೆ ಬಡಿಯುತ್ತೆ, ಕಹಳೆಗಳಿಗೆ ಈಗ ಸೈಜ್ ಬಂದಿದೆ. ಹದಿನೈದು ವರ್ಷ ಸ್ಟುಡಿಯೋದಲ್ಲಿ ಇಂಡಸ್ಟ್ರಿಯಲ್ ರಾಕ್ ಕುಯ್ದು ಅಂಟಿಸಿ ಕಲಿತಿದ್ದು ಇಲ್ಲಿ ಕೆಲಸಕ್ಕೆ ಬಂತು, ಎರಾ 3 ದಂಡ ಅನ್ನೋ ಹಳೇ ಫ್ಯಾನ್ಸಿಗೆ ನಾನು ಕೊಡೋ ಉತ್ತರ ಇದೇ. ಒಂದು ತಕರಾರೂ ಇದೆ. ಮೊದಲ ಆಲ್ಬಮ್ಮಿನ ಆ ಬಡಕಲು ಸೌಂಡಲ್ಲಿ ಒಂದು ಒಂಟಿತನ ಇತ್ತು, ರೂಮಲ್ಲಿ ಒಬ್ನೇ ಹುಡುಗ ಇದಾನೆ ಅಂತ ಕೇಳಿಸ್ತಿತ್ತು, ಈಗಿನದ್ರಲ್ಲಿ ಅದು ಸಿಗಲ್ಲ.

ಹೊಸದಾಗಿ ಕೇಳೋರು ಎಲ್ಲಿಂದ ಶುರು ಮಾಡ್ಬೇಕು ಅಂದ್ರೆ, 1994ರದ್ದಕ್ಕೆ ನೇರ ಹೋಗ್ಬೇಡಿ, ಹತ್ತು ನಿಮಿಷಕ್ಕೆ ಬೋರ್ ಹೊಡೆದು ಬಂದ್ ಮಾಡ್ತೀರ. ಕ್ರಿಪ್ಟ್ ಆಫ್ ದಿ ವಿಝಾರ್ಡ್ ಮೊದಲು, ಪೀಸ್‌ಗಳು ಚಿಕ್ಕವು, ಒಳಗೆ ಇಳಿಯೋದು ಸುಲಭ. ಅದು ಹಿಡಿಸಿದ್ರೆ ಸ್ಪಿರಿಟ್ ಆಫ್ ರೆಬೆಲಿಯನ್, ಆಮೇಲೆ ಅದರ ಮೂಲ 1995ರದ್ದು, ಎರಡನ್ನೂ ಹಿಂದೆಮುಂದೆ ಕೇಳಿದ್ರೆ ಇಪ್ಪತ್ತೈದು ವರ್ಷದಲ್ಲಿ ಏನಾಯ್ತು ಅಂತ ಕಿವಿಗೇ ಗೊತ್ತಾಗುತ್ತೆ. ಕೀಬೋರ್ಡ್ ಕೋಟೆ ಎಲ್ಲ ನಮಗಲ್ಲಪ್ಪ ಅನ್ನೋರು ದಿ ಗ್ರೇಟ್ ಡಿಸೀವರ್ ಹಾಕಿ, ಜಿಮ್‌ಗೆ ಚೆನ್ನಾಗಿರುತ್ತೆ. ದಿ ಸ್ಮೆಲ್ ಆಫ್ ರೇನ್ ಮಾತ್ರ ಕೊನೆಗೆ ಇಟ್ಕೊಳ್ಳಿ, ಮಿಕ್ಕಿದ್ದೆಲ್ಲ ಕೇಳಿದ್ಮೇಲೆ ಅದು ಇನ್ನೂ ವಿಚಿತ್ರವಾಗಿ ಕೇಳ್ಸುತ್ತೆ.